ಚಾರಿಟಿ ಓಟಕ್ಕೆ ಸ್ವಯಂಸೇವಕರಾಗುವ ಮುನ್ನ: ಯಾವ ಕೆಲಸ ಯಾರಿಗೆ ಒಗ್ಗುತ್ತದೆ?

ಮೈಸೂರಿನಲ್ಲಿ ದಸರಾ ಗದ್ದಲ ಮುಗಿದು ಬೆಳಗಿನ ಗಾಳಿಗೆ ಸ್ವೆಟರ್ ಬೇಕೆನಿಸುವ ಹೊತ್ತಿಗೆ ಭಾನುವಾರದ ಓಟಗಳ ಸಾಲು ಶುರುವಾಗುತ್ತದೆ. ನವೆಂಬರ್ 14 ಮಧುಮೇಹದ ದಿನ, ಫೆಬ್ರವರಿ 4 ಕ್ಯಾನ್ಸರ್ ದಿನ, ಮಾರ್ಚ್ ತಿಂಗಳ ಎರಡನೇ ಗುರುವಾರ ಕಿಡ್ನಿ ದಿನ, ಏಪ್ರಿಲ್ 17 ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ದಿನ. ದಿನ ಯಾವ ವಾರ ಬಿದ್ದರೂ ಓಟ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಹತ್ತಿರದ ಭಾನುವಾರಕ್ಕೇ. ಸ್ವಯಂಸೇವಕರಿಗೆ ಬರುವ ಗೂಗಲ್ ಫಾರ್ಮಿನಲ್ಲಿ ‘ನಿಮಗೆ ಇಷ್ಟವಾದ ಕೆಲಸ’ ಎಂಬ ಕಾಲಂ ಇರುತ್ತದೆ. ಅಲ್ಲಿ ಹೆಚ್ಚಿನವರ ಬೆರಳು ಹೋಗುವುದು ‘ಫಿನಿಶ್ ಲೈನ್’ ಕಡೆಗೆ: ಮೆಡಲ್ ಹಾಕಬಹುದು, ಬ್ಯಾಂಡ್‌ಸೆಟ್ ಇರುತ್ತದೆ, ಫೋಟೊ ಬರುತ್ತದೆ. ಮೂರನೇ ಕಿಲೋಮೀಟರಿನ ತಿರುವಿನಲ್ಲಿ ಒಬ್ಬರೇ ನಿಲ್ಲುವ ಕೆಲಸಕ್ಕೆ ಹೆಸರು ಕೊಡುವವರನ್ನು ಹುಡುಕಬೇಕು.

ಕೆಲಸ ಆರಿಸುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಬಹುಮಾನದ ಓಟದಲ್ಲಿ ಮುಂದೆ ಬರುವವರ ಮೇಲೆ ಎಲ್ಲರ ಕಣ್ಣು. ಕಾಯಿಲೆಯೊಂದರ ಹೆಸರಲ್ಲಿ ನಡೆಯುವ ಓಟದಲ್ಲಿ ಆ ಕಾಯಿಲೆ ಇರುವವರು ಹೆಚ್ಚಾಗಿ ಕೊನೆಗೆ ಬರುತ್ತಾರೆ. ಕೀಮೊ ಮುಗಿಸಿ ಮೂರು ತಿಂಗಳಾದವರು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮಂಡಿ ಬಗ್ಗದ ಹಿಮೋಫೀಲಿಯಾ ಹುಡುಗರು. ಅವರು ಬರುವ ಹೊತ್ತಿಗೆ ನೀರಿನ ಮೇಜು ಮಡಚಿರುತ್ತದೆ, ಮೆಡಲ್ ಡಬ್ಬ ಖಾಲಿಯಾಗಿರುತ್ತದೆ, ಗಾಳಿ ತುಂಬಿದ ಕಮಾನು ಅರ್ಧ ಕುಸಿದಿರುತ್ತದೆ. ಯಾರಿಗಾಗಿ ಓಟವೋ ಅವರಿಗೇ ಏನೂ ಉಳಿದಿರುವುದಿಲ್ಲ. ಹಾಗಾಗಿ ‘ನನಗೆ ಯಾವುದು ಇಷ್ಟ’ ಎನ್ನುವುದಕ್ಕಿಂತ ‘ಬೆಳಗ್ಗೆ 9ರವರೆಗೆ ನಾನು ಎಲ್ಲಿ ನಿಲ್ಲಬಲ್ಲೆ’ ಎಂದು ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಹೊತ್ತಿನ ಲೆಕ್ಕ

ಸಾವಿರ ಜನರ ಓಟ ಎಂದಿಟ್ಟುಕೊಳ್ಳಿ. 10 ಕಿ.ಮೀ.ನವರು 6:30ಕ್ಕೆ, 5 ಕಿ.ಮೀ.ನವರು 7ಕ್ಕೆ ಹೊರಡುತ್ತಾರೆ. ಚುರುಕಿನ ಹುಡುಗರು 5 ಕಿ.ಮೀ. ಮುಗಿಸಿ 7:25ಕ್ಕೇ ಇಡ್ಲಿ ಸಾಲಿನಲ್ಲಿರುತ್ತಾರೆ. ಗಂಟೆಗೆ 4 ಕಿ.ಮೀ. ನಡೆಯುವವರಿಗೆ 75 ನಿಮಿಷ ಬೇಕು, 3 ಕಿ.ಮೀ. ನಡೆಯುವವರಿಗೆ 100 ನಿಮಿಷ. ಅಂದರೆ ಕೊನೆಯವರು ಗೆರೆ ದಾಟುವಾಗ 8:40. ಸ್ವಯಂಸೇವಕರು 5ಕ್ಕೆ ಮೈದಾನದಲ್ಲಿರಬೇಕು, ಸಾಮಾನು ಕಟ್ಟಿ ಹೊರಡುವಾಗ 9:30 ದಾಟಿರುತ್ತದೆ. ನಾಲ್ಕೂವರೆ ಗಂಟೆ. ‘ಎಂಟಕ್ಕೆ ಬಿಟ್ಟುಬಿಡುತ್ತೀರಲ್ಲ?’ ಎಂದು ಕೇಳಿ ಬರುವವರು ಓಟದ ದಿನದ ಕೆಲಸ ಬಿಟ್ಟು ಹಿಂದಿನ ದಿನದ ಬಿಬ್ (ಓಟಗಾರರು ಅಂಗಿಗೆ ಚುಚ್ಚಿಕೊಳ್ಳುವ ನಂಬರ್ ಹಾಳೆ) ಹಂಚಿಕೆಗೆ ಹೋಗುವುದು ಎಲ್ಲರಿಗೂ ಕ್ಷೇಮ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:45ರ ಆಸುಪಾಸು. ಮೊದಲ ಓಟಗಾರರು ಹೊರಡುವಾಗ ಇನ್ನೂ ಮಸುಕು ಇರುತ್ತದೆ. ರಸ್ತೆಯ ಕೆಲಸ ಒಪ್ಪಿಕೊಂಡವರು ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಕೇಳಿ ಪಡೆಯಬೇಕು. ಕಪ್ಪು ಸ್ವೆಟರ್ ಹಾಕಿ ಮರದ ನೆರಳಲ್ಲಿ ನಿಂತರೆ ಓಟಗಾರರಿಗೂ ಕಾಣುವುದಿಲ್ಲ, ಹಾಲಿನ ವ್ಯಾನಿನವನಿಗೂ ಕಾಣುವುದಿಲ್ಲ.

ಬಿಬ್ ಹಂಚಿಕೆ: ಕೂತು ಮಾಡುವ, ತಾಳ್ಮೆ ಕೇಳುವ ಕೆಲಸ

ಇದು ಸಾಮಾನ್ಯವಾಗಿ ಶನಿವಾರದ ಕೆಲಸ. ಮಂಡಿ ನೋವಿರುವವರಿಗೆ, ಬೆಳಗ್ಗೆ ಬೇಗ ಏಳಲಾಗದವರಿಗೆ, ನಿವೃತ್ತ ಬ್ಯಾಂಕಿನವರಿಗೆ ಹೇಳಿ ಮಾಡಿಸಿದ್ದು. ಒಂದು ಕೌಂಟರಿನಲ್ಲಿ ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ ಗಂಟೆಗೆ 40 ಜನ. ನಾಲ್ಕು ಕೌಂಟರ್ ಇದ್ದರೆ 160. ಸಾವಿರ ಜನರಿಗೆ ಆರೂಕಾಲು ಗಂಟೆ, ಊಟದ ವಿರಾಮ ಬೇರೆ. ಎರಡೇ ಕೌಂಟರ್ ಎಂದು ಹೇಳಿದರೆ ಅಲ್ಲೇ ಪ್ರಶ್ನೆ ಎತ್ತಿ.

ಇಲ್ಲಿ ಕೆಡುವುದು ಹೆಸರಿನಲ್ಲಿ. ಪಟ್ಟಿಯಲ್ಲಿ ‘ಎಂ. ಎಸ್. ಮಂಜುನಾಥ’ ಇರುತ್ತದೆ, ಬಂದವರು ‘ಮಂಜುನಾಥ್ ಗೌಡ’ ಎನ್ನುತ್ತಾರೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಇನಿಷಿಯಲ್ ಮುಂದೆ ಬಂದರೆ ಅಕ್ಷರದ ಸಾಲೇ ಬದಲಾಗುತ್ತದೆ. ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿಯ ಪ್ರಕಾರ ಜೋಡಿಸಿದ ಇನ್ನೊಂದು ಪಟ್ಟಿ ಇಟ್ಟುಕೊಂಡರೆ ಜಗಳ ಇಲ್ಲ. ಒಬ್ಬರೇ ಬಂದು ಹದಿನೈದು ಜನರ ಬಿಬ್ ಕೇಳಿದಾಗ ಅವರನ್ನು ಪಕ್ಕದ ಮೇಜಿಗೆ ಕಳಿಸಿ, ಸಾಲು ನಿಲ್ಲಬಾರದು.

ಬಿಬ್ ಹಿಂಭಾಗದಲ್ಲಿ ರಕ್ತದ ಗುಂಪು, ಈಗಿರುವ ಕಾಯಿಲೆ, ಔಷಧಿ, ಮನೆಯವರ ನಂಬರ್ ತುಂಬುವ ಜಾಗ ಇರುತ್ತದೆ. ‘ಮನೆಗೆ ಹೋಗಿ ತುಂಬಿಕೊಳ್ಳಿ’ ಎಂದರೆ ಅದು ಖಾಲಿಯೇ ಉಳಿಯುತ್ತದೆ. ಕೌಂಟರಿನಲ್ಲೇ ಬಾಲ್‌ಪೆನ್ನಿನಲ್ಲಿ ಬರೆಸಿ. ಸ್ಕೆಚ್ ಪೆನ್ನಾದರೆ ಬೆವರಿಗೆ ಹರಡುತ್ತದೆ. ಮನೆಯವರ ನಂಬರ್ ಎಂದರೆ ಅದೇ ಓಟದಲ್ಲಿ ಓಡುತ್ತಿರುವ ಗಂಡನ ನಂಬರ್ ಅಲ್ಲ ಎನ್ನುವುದನ್ನೂ ಹೇಳಬೇಕಾಗುತ್ತದೆ. ಪಿನ್ನುಗಳು ಬಿಬ್ಬಿಗೆ ನಾಲ್ಕರಂತೆ ನಾಲ್ಕು ಸಾವಿರ ಬೇಕು. ಎರಡೆರಡು ಕೊಟ್ಟರೆ ಬಿಬ್ ಗಾಳಿಗೆ ಮಡಚಿ ನಂಬರ್ ಕಾಣದೆ ರಸ್ತೆಯಲ್ಲಿ ನಿಂತು ದಾರಿ ತೋರಿಸುವ ಮಾರ್ಷಲ್‌ಗಳು ಪರದಾಡುತ್ತಾರೆ.

ರಸ್ತೆ ಮಾರ್ಷಲ್: ಒಂಟಿ ಕೆಲಸ, ಹೊಣೆ ದೊಡ್ಡದು

ಮೈಸೂರಿನ ರಸ್ತೆಗಳ ಪರಿಚಯ ಇರುವವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಮಾತು ಕಡಿಮೆ, ಭಾರ ಎತ್ತುವುದಿಲ್ಲ. ಆದರೆ ಮೂರು ಗಂಟೆ ಒಂದೇ ಜಾಗದಲ್ಲಿ ನಿಲ್ಲಬೇಕು, ಪಕ್ಕದಲ್ಲಿ ಶೌಚಾಲಯ ಇರುವುದಿಲ್ಲ, ಫೋನ್ ನೋಡುವಂತಿಲ್ಲ.

ಒಂದು ತಪ್ಪು ಕಲ್ಪನೆ ಇದೆ. ಮಾರ್ಷಲ್ ವಾಹನ ತಡೆಯುವವರಲ್ಲ. ಆ ಅಧಿಕಾರ ಸಂಚಾರ ಪೊಲೀಸರದ್ದು. ಪೊಲೀಸರು ಇಲ್ಲದ ತಿರುವಿನಲ್ಲಿ ನೀವು ತಡೆಯಬಹುದಾದದ್ದು ಓಟಗಾರರನ್ನು ಮಾತ್ರ: ಕೈ ಅಡ್ಡ ಚಾಚಿ ನಿಲ್ಲಿಸಿ, ವಾಹನ ಹೋದ ಮೇಲೆ ಗುಂಪಾಗಿ ದಾಟಿಸಿ. ಇರ್ವಿನ್ ರಸ್ತೆಯಂಥ ಕಡೆ ಇದು ಇನ್ನೂ ಮುಖ್ಯ. ಚೆಲುವಾಂಬ ಆಸ್ಪತ್ರೆಗೆ, ಕೆ.ಆರ್. ಆಸ್ಪತ್ರೆಗೆ ಆಂಬುಲೆನ್ಸ್‌ಗಳು ಓಡಾಡುವ ದಾರಿ ಅದು. ಸೈರನ್ ಕೇಳಿದ ಕೂಡಲೇ ನಿಲ್ಲಬೇಕಾದ್ದು ಓಟ.

ಮಾನಸಗಂಗೋತ್ರಿ ಸುತ್ತಿನ ಓಟಗಳಲ್ಲಿ ಕ್ಯಾಂಪಸ್ ಒಳಗೆ ತೊಂದರೆ ಇಲ್ಲ, ಹುಣಸೂರು ರಸ್ತೆಗೋ ಬೋಗಾದಿ ರಸ್ತೆಗೋ ಬಾಯಿ ತೆರೆಯುವ ಜಾಗದಲ್ಲಿ ತಲೆನೋವು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಟ ಹಾಕಿದ್ದರೆ ಬೇರೆ ಥರದ ಜಾಣ್ಮೆ ಬೇಕು. ದಿನಾ ಆರು ಗಂಟೆಗೆ ಅಲ್ಲಿ ನಡೆಯುವ ಹಿರಿಯರಿಗೆ ನಿಮ್ಮ ಓಟ ಅಡಚಣೆ. ‘ಸರ್, ಸೈಡಿಗೆ ಬನ್ನಿ’ ಎಂದು ಸೀಟಿ ಊದಿದರೆ ಜಗಳ ಗ್ಯಾರಂಟಿ. ‘ಎಡಕ್ಕೆ ಇರಿ ಸರ್, ಒಂಬತ್ತರೊಳಗೆ ಮುಗಿಯುತ್ತೆ’ ಎಂದರೆ ಅವರೇ ನಾಲ್ಕು ಜನಕ್ಕೆ ಹೇಳುತ್ತಾರೆ. ಪಕ್ಷಿಗಳ ಜಾಗ ಅದು, ಮೆಗಾಫೋನ್ ಬೇಡ.

ಎಲ್ಲಕ್ಕಿಂತ ಸೂಕ್ಷ್ಮ ಜಾಗ 5 ಮತ್ತು 10 ಕಿ.ಮೀ. ದಾರಿ ಬೇರೆಯಾಗುವ ಕವಲು. ಅಲ್ಲಿ ಇಬ್ಬರು ಬೇಕು: ಒಬ್ಬರು ಕವಲಿಗೆ 30 ಮೀಟರ್ ಮೊದಲೇ ನಿಂತು ಬಿಬ್ಬಿನ ಬಣ್ಣ ಕೂಗಬೇಕು, ಇನ್ನೊಬ್ಬರು ಕವಲಿನಲ್ಲೇ ಇಡೀ ತೋಳು ಚಾಚಿ ದಾರಿ ತೋರಿಸಬೇಕು. ಬೆರಳು ತೋರಿಸಿದರೆ ಬೆವರು ತುಂಬಿದ ಕಣ್ಣಿಗೆ ಕಾಣುವುದಿಲ್ಲ. ಮೊದಲನೆಯವನು ತಪ್ಪು ದಾರಿ ಹಿಡಿದರೆ ಹಿಂದಿನ ಐವತ್ತು ಜನ ಬಾಣದ ಗುರುತು ನೋಡದೆ ಅವನನ್ನೇ ಹಿಂಬಾಲಿಸುತ್ತಾರೆ. ಅವರಲ್ಲೊಬ್ಬರು 5 ಕಿ.ಮೀ. ಅಂದುಕೊಂಡು ಮಾತ್ರೆ ತಿಂದು ಬಂದ ಮಧುಮೇಹಿಯಾಗಿದ್ದರೆ ಉಳಿದ 5 ಕಿ.ಮೀ. ಬರೀ ಅನಾನುಕೂಲವಾಗಿ ಉಳಿಯುವುದಿಲ್ಲ.

ಜಾಗ ಬಿಟ್ಟು ಹೊರಡುವುದು ಸ್ವೀಪ್ ತಂಡ (ಕೊನೆಯವರ ಜೊತೆ ನಡೆದು ಬರುವವರು) ಬಂದು ‘ಕೊನೆಯವರು ದಾಟಿದರು’ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ. ಹತ್ತು ನಿಮಿಷ ಯಾರೂ ಬರಲಿಲ್ಲ ಎಂಬ ಮಾತ್ರಕ್ಕೆ ಓಟ ಮುಗಿದಿರುವುದಿಲ್ಲ.

ನೀರಿನ ಮೇಜು: ಗುಂಪಿನಲ್ಲಿ ಇರಬಯಸುವವರಿಗೆ

ಕಾಲೇಜು ಗೆಳೆಯರು, ಆಫೀಸಿನ ತಂಡ, ಮಹಿಳಾ ಸಂಘ ಒಟ್ಟಿಗೆ ಬಂದರೆ ಇದನ್ನು ತೆಗೆದುಕೊಳ್ಳಲಿ. ಎಂಟು ಜನ ಬೇಕು. ಬೆನ್ನು ನೋವಿರುವವರು ಬೇಡ, 20 ಲೀಟರ್ ಕ್ಯಾನ್ ಎಂದರೆ 20 ಕಿಲೋಗೂ ಮೇಲೆ, ಅದನ್ನು ಎತ್ತಿ ಬಗ್ಗಿಸುವುದು ಹತ್ತಾರು ಸಲ.

ಲೆಕ್ಕ ಹೀಗೆ. 150 ಮಿಲಿ ಕಪ್ಪಿಗೆ 100 ಮಿಲಿ ಮಾತ್ರ ಸುರಿಯಬೇಕು, ತುಂಬಿಸಿದರೆ ಅರ್ಧ ಅಂಗಿಯ ಮೇಲೆ. 2.5 ಕಿ.ಮೀ. ಮೇಜಿನಲ್ಲಿ ಒಬ್ಬರಿಗೆ ಸರಾಸರಿ ಒಂದೂವರೆ ಕಪ್ ಹಿಡಿದರೆ ಸಾವಿರ ಜನರಿಗೆ 150 ಲೀಟರ್, ಅಂದರೆ ಎಂಟು ಕ್ಯಾನ್. ಹತ್ತು ತರಿಸಿ. ಕಪ್ 1,800. ಮುಕ್ತಾಯದಲ್ಲಿ ತಲಾ 300 ಮಿಲಿಯಂತೆ ಹದಿನೈದು ಕ್ಯಾನ್ ಬೇರೆ. ಆ ಮೊದಲಿನ ಹತ್ತರಲ್ಲಿ ಎರಡು ಕ್ಯಾನ್, ನೂರು ಕಪ್ಪುಗಳನ್ನು ಮೇಜಿನ ಕೆಳಗೆ ಬಟ್ಟೆ ಮುಚ್ಚಿ ಇಟ್ಟುಬಿಡಿ. ಕೊನೆಗೆ ಬರುವವರ ಪಾಲು ಅದು. ಮುಂದೆ ಬಂದವರು ತಲೆಗೆ ಸುರಿದುಕೊಂಡು ಹೋಗುವುದಕ್ಕಲ್ಲ.

ಜನ ಒಂದೇ ಸಮನೆ ಬರುವುದಿಲ್ಲ. ಹತ್ತು ನಿಮಿಷದಲ್ಲಿ ನಾನೂರು ಜನ ಬಂದುಬಿಡುತ್ತಾರೆ, ನಿಮಿಷಕ್ಕೆ ನಲವತ್ತು. ಕ್ಯಾನಿನ ನಲ್ಲಿಯಿಂದ ಒಂದೊಂದೇ ಕಪ್ ಹಿಡಿಯುತ್ತ ಕೂತರೆ ಸೋತಿರಿ. ಮೊದಲೇ ಎರಡು ಲೀಟರಿನ ಜಗ್ಗುಗಳಲ್ಲಿ ಸುರಿದು 300 ಕಪ್ ತುಂಬಿಸಿ, ಮೇಲೆ ರಟ್ಟಿನ ಹಲಗೆ ಇಟ್ಟು ಅದರ ಮೇಲೆ ಇನ್ನೊಂದು ಸಾಲು ಜೋಡಿಸಿ. ಕಪ್ಪಿನ ಬಾಯಿಯನ್ನು ಮೇಲಿನಿಂದ ಹಿಡಿಯದೆ ಅಂಗೈ ಮೇಲೆ ಇಟ್ಟು ಚಾಚಬೇಕು. ನಿಮ್ಮ ಬೆರಳು ನೀರಿಗೆ ತಾಗಬಾರದು, ಅದರಲ್ಲೂ ಕೀಮೊ ಆದವರು ಕುಡಿಯುವ ಕಡೆ. ಎಲ್ಲರೂ ಮೊದಲ ಮೇಜಿಗೇ ಮುಗಿಬೀಳುತ್ತಾರೆ, ಆದ್ದರಿಂದ ಒಬ್ಬರು ಹತ್ತು ಮೀಟರ್ ಮುಂಚೆ ನಿಂತು ‘ಮುಂದಿನ ಮೇಜಲ್ಲೂ ನೀರಿದೆ’ ಎಂದು ಕೂಗುತ್ತಿರಲಿ. ಕಸದ ಡಬ್ಬಿ ಮೇಜಿನ ಪಕ್ಕ ಇಟ್ಟರೆ ಉಪಯೋಗವಿಲ್ಲ. ಕುಡಿಯುತ್ತ ಹೋಗುವವರ ಕೈ ಖಾಲಿಯಾಗುವುದು 30–50 ಮೀಟರ್ ಆಚೆ.

ಪ್ಲಾಸ್ಟಿಕ್ ಲೋಟಕ್ಕೆ ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಿದೆ. ಸಂಘಟಕರು ಅದನ್ನೇ ತಂದಿದ್ದರೆ ಹೇಳಲು ಸಂಕೋಚ ಬೇಡ. ನೀರಿನ ಪೌಚ್ ಇನ್ನೂ ಕೆಟ್ಟದ್ದು, ತುಳಿದರೆ ಜಾರುತ್ತದೆ.

ಓಆರ್‌ಎಸ್ ಕಲಸುವುದಿದ್ದರೆ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಹಾಕಿ. ‘ರುಚಿ ಬರಲಿ’ ಎಂದು ಅರ್ಧ ಲೀಟರಿಗೆ ಹಾಕಿದರೆ ಉಪ್ಪು, ಸಕ್ಕರೆಯ ಪ್ರಮಾಣ ಇಮ್ಮಡಿಯಾಗಿ ಹೊಟ್ಟೆ ಕೆಡುತ್ತದೆ. ಹಾಗೆ ನೋಡಿದರೆ ಚಳಿಗಾಲದ 5 ಕಿ.ಮೀ.ಗೆ ಬರೀ ನೀರೇ ಸಾಕು.

ಕಿಡ್ನಿ ಓಟದಲ್ಲಿ ಮಾತ್ರ ನೀರಿನ ಮೇಜಿನ ಉತ್ಸಾಹಕ್ಕೆ ಕಡಿವಾಣ ಬೇಕು. ಡಯಾಲಿಸಿಸ್‌ನಲ್ಲಿರುವವರಿಗೆ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಅಳತೆ ಕೊಟ್ಟಿರುತ್ತಾರೆ. ‘ಇನ್ನೊಂದು ಕಪ್ ಕುಡೀರಿ ಸರ್’ ಎಂದು ಒತ್ತಾಯಿಸುವುದು ಉಪಚಾರವಲ್ಲ. ಮುಕ್ತಾಯದಲ್ಲಿ ಎಳನೀರು, ಬಾಳೆಹಣ್ಣು ಇಡುವುದು ನಮ್ಮಲ್ಲಿ ವಾಡಿಕೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮದ್ದೂರಿನ ಮಾರುಕಟ್ಟೆಯಿಂದ ಪ್ರೀತಿಯಿಂದ ಒಂದು ಲೋಡ್ ಎಳನೀರು ಕಳಿಸುವ ದಾನಿಗೆ ಇದನ್ನು ಮೊದಲೇ ತಿಳಿಸಿ, ಮೇಜಿನ ಮೇಲೆ ‘ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ’ ಎಂದು ದೊಡ್ಡದಾಗಿ ಬರೆದಿಡಿ.

ವೈದ್ಯಕೀಯ ತಂಡದ ನೆರವು: ತರಬೇತಿ ಇದ್ದರೆ ಮಾತ್ರ ಮುಟ್ಟಿ

ನರ್ಸಿಂಗ್, ಫಿಸಿಯೊಥೆರಪಿ ವಿದ್ಯಾರ್ಥಿಗಳು, ಪ್ರಥಮ ಚಿಕಿತ್ಸೆ ಕಲಿತವರು ಇಲ್ಲಿಗೆ ಹೊಂದುತ್ತಾರೆ. ತರಬೇತಿ ಇಲ್ಲದವರಿಗೂ ಒಂದು ಉತ್ತಮ ಕೆಲಸವಿದೆ, ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ: ಆಂಬುಲೆನ್ಸಿಗೆ ದಾರಿ ತೋರಿಸುವುದು. 108ಕ್ಕೆ ಕರೆ ಮಾಡಿ ‘ಮಾನಸಗಂಗೋತ್ರಿಗೆ ಬನ್ನಿ’ ಎಂದರೆ 739 ಎಕರೆಯಲ್ಲಿ ಎಲ್ಲಿಗೆ? ಯಾವ ಗೇಟು, ಯಾವ ಕಟ್ಟಡದ ಎದುರು ಎಂದು ಹೇಳಿ, ಒಬ್ಬರು ಆ ಗೇಟಿನಲ್ಲಿ ಜಾಕೆಟ್ ಹಾಕಿ ನಿಂತರೆ ಐದು ನಿಮಿಷ ಉಳಿಯುತ್ತದೆ.

ಕುಸಿದವರನ್ನು ನೋಡುವಾಗ ಎಲ್ಲಿ ಕುಸಿದರು ಎನ್ನುವುದು ಮೊದಲ ಸುಳಿವು. ಗೆರೆ ದಾಟಿ ನಿಂತ ಮೇಲೆ ತಲೆ ಸುತ್ತಿ ಬಿದ್ದರೆ ಹೆಚ್ಚಿನ ಸಲ ಕಾರಣ ಸರಳ: ಕಾಲಿನ ಸ್ನಾಯು ಒಮ್ಮೆಲೇ ನಿಂತಿತು, ರಕ್ತ ಕಾಲಿನಲ್ಲೇ ಉಳಿಯಿತು. ಮಲಗಿಸಿ ಕಾಲನ್ನು ಒಂದಡಿ ಎತ್ತಿದರೆ ಎರಡು ಮೂರು ನಿಮಿಷದಲ್ಲಿ ಮಾತಾಡುತ್ತಾರೆ. ಇದಕ್ಕಾಗಿಯೇ ಗೆರೆ ದಾಟಿದವರನ್ನು ‘ನಡೀತಾ ಇರಿ’ ಎಂದು ಮುಂದಕ್ಕೆ ಕಳಿಸಬೇಕು. ಓಡುತ್ತಿರುವಾಗಲೇ ದಾರಿಯಲ್ಲಿ ಕುಸಿದರೆ ವಿಷಯ ಗಂಭೀರ. ಕರೆದರೆ ಓಗೊಡುತ್ತಿಲ್ಲ, ಉಸಿರು ಇಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಏದುತ್ತಿದ್ದಾರೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. 108ಕ್ಕೆ ಕರೆ, ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತುವುದು, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ತರಿಸುವುದು. ಮುಖಕ್ಕೆ ನೀರು ಚಿಮುಕಿಸುತ್ತ ಕಳೆಯುವ ಒಂದೊಂದು ನಿಮಿಷವೂ ನಷ್ಟ.

ಮಧುಮೇಹದ ಓಟದಲ್ಲಿ ಟೈಪ್ 1 ಮಧುಮೇಹದ, ದಿನಾ ಇನ್ಸುಲಿನ್ ಬೇಕಾದ ಮಕ್ಕಳು ಬರುತ್ತಾರೆ. ಓಡುವಾಗ ಸ್ನಾಯು ಸಕ್ಕರೆ ಹೀರುತ್ತದೆ, ಬೆಳಗಿನ ಇನ್ಸುಲಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಶುಗರ್ ಇಳಿಯುತ್ತದೆ. ನಡುಕ, ತಣ್ಣನೆ ಬೆವರು, ಕಾರಣವಿಲ್ಲದ ಸಿಟ್ಟು, ತೊದಲು ಮಾತು ಕಂಡರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಚಾಕಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ.

ಹಿಮೋಫೀಲಿಯಾ ಇರುವವರು ಬಿದ್ದು ಮಂಡಿ ಊದಿದರೆ ತಿಕ್ಕಬೇಡಿ, ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ. ಐಸ್ ಇಟ್ಟು, ಅಲುಗದಂತೆ ಕಟ್ಟಿ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಚುಚ್ಚುಮದ್ದಿಗೆ ಕಳಿಸಿ. ಫಿಟ್ಸ್ ಬಂದವರ ಕೈಗೆ ಕೀಲಿಕೈ ಗೊಂಚಲು ತುರುಕಲು ನಾಲ್ಕು ಜನ ಓಡಿ ಬರುತ್ತಾರೆ. ಅವರನ್ನು ದೂರ ಇಡುವುದೂ ನಿಮ್ಮ ಕೆಲಸ. ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108.

ಸ್ವೀಪ್: ಕೊನೆಯವರ ಜೊತೆ ನಡೆಯುವುದು

ನಮ್ಮ ಮಟ್ಟಿಗೆ ಇಡೀ ಓಟದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಇಬ್ಬರು ಬೇಕು, ಒಬ್ಬರಾದರೂ ಮಹಿಳೆ ಇರಲಿ. ದಿನಾ ನಡೆಯುವ ಅಭ್ಯಾಸ ಸಾಕು, ಓಡಲು ಬರಬೇಕಿಲ್ಲ. ಚೀಲದಲ್ಲಿ ಗ್ಲೂಕೋಸ್ ಪುಡಿ, ಒಂದು ಲೀಟರ್ ನೀರು, ಬ್ಯಾಂಡೇಜ್, ಸೀಟಿ, ಪೂರ್ತಿ ಚಾರ್ಜ್ ಆದ ಫೋನ್, ಪ್ರತಿ ಮಾರ್ಷಲ್‌ನ ಜಾಗ ಮತ್ತು ನಂಬರ್ ಬರೆದ ಹಾಳೆ. ಜೊತೆಗೆ ಎರಡು ಮೆಡಲ್ ಕಿಸೆಯಲ್ಲಿ. ಮುಕ್ತಾಯದಲ್ಲಿ ಖಾಲಿಯಾಗಿದ್ದರೆ ಕೊನೆಯವರ ಕೊರಳಿಗೆ ಅದನ್ನು ಹಾಕಿ.

ಎಡವುವುದು ಎರಡು ಕಡೆ. ಸರಿಯಾಗಿ ಬೆನ್ನ ಹಿಂದೆಯೇ ನಡೆದರೆ ಮುಂದಿನವರಿಗೆ ಯಾರೋ ಅಟ್ಟಿಸಿಕೊಂಡು ಬಂದಂತೆ ಅನ್ನಿಸುತ್ತದೆ, ತಮ್ಮ ಶಕ್ತಿ ಮೀರಿ ಬೀಸಾಗಿ ಹೆಜ್ಜೆ ಹಾಕುತ್ತಾರೆ. ಪಕ್ಕದಲ್ಲಿ ನಡೆಯಿರಿ, ಇಲ್ಲವೇ ಹತ್ತು ಮೀಟರ್ ಬಿಟ್ಟು. ಹಿಂದಿನ ಜೀಪು 30 ಮೀಟರ್ ದೂರದಲ್ಲಿರಲಿ, ಹೊಗೆ ಕುಡಿಸಬೇಡಿ. ಎರಡನೆಯದು ‘ಇನ್ನೇನು ಬಂದೇಬಿಡ್ತು’ ಎನ್ನುವ ಮಾತು. ಇನ್ನೂ 1,800 ಮೀಟರ್ ಇದ್ದರೆ ‘ಇನ್ನು 1,800 ಮೀಟರ್, ನಡುವೆ ಒಂದು ಕಡೆ ಕೂರಲು ಕಟ್ಟೆ ಇದೆ’ ಎನ್ನಿ. ದೂರ ಗೊತ್ತಿದ್ದವರು ಉಸಿರು ಹಂಚಿಕೊಂಡು ನಡೆಯುತ್ತಾರೆ. ‘ಪಾಪ’ ಎಂಬ ಪದ ಬಾಯಿಗೆ ಬರದಿರಲಿ, ಕಾಯಿಲೆಯ ಕಥೆ ನೀವಾಗಿ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ. ಸಾಕು ಎಂದವರನ್ನು ಹುರಿದುಂಬಿಸದೆ ಜೀಪಿಗೆ ಹತ್ತಿಸಿ, ಬಿಬ್ ನಂಬರ್ ಮುಕ್ತಾಯಕ್ಕೆ ತಿಳಿಸಿ. ಮನೆಯವರು ಅಲ್ಲಿ ಕಾಯುತ್ತಿರುತ್ತಾರೆ.

ಮುಕ್ತಾಯ, ಸಾಮಾನು, ತಿಂಡಿ, ಕಸ

ಫಿನಿಶ್ ಲೈನ್ ಬೇಕೇ ಬೇಕು ಎನ್ನುವವರು 8:15ರ ನಂತರದ ಪಾಳಿ ಕೇಳಿ ಪಡೆಯಿರಿ, ಆಗ ಅಲ್ಲಿ ಕೈಗಳ ಕೊರತೆ ಇರುತ್ತದೆ. ಮೆಡಲ್ ಎಣಿಸಿ ನೂರನ್ನು ಬೇರೆ ಡಬ್ಬದಲ್ಲಿ ಬೀಗ ಹಾಕಿಡಿ. ಓಡದ ಅತಿಥಿಗಳ ಮಕ್ಕಳಿಗೆ ಕೊಟ್ಟೇ ಅವು ಮುಗಿಯುವುದು. ಮಕ್ಕಳ, ರೋಗಿಗಳ ಫೋಟೊ ತೆಗೆಯುವ ಮೊದಲು ಕೇಳಿ. ಕಾಯಿಲೆ ಇರುವುದು ಆಫೀಸಿಗೆ ಗೊತ್ತಿಲ್ಲದವರೂ ಇರುತ್ತಾರೆ.

ಸಾಮಾನು ಕೌಂಟರ್ ಅಚ್ಚುಕಟ್ಟಿನವರಿಗೆ: ಬಿಬ್ ನಂಬರಿನ ನೂರರ ಗುಂಪಿನಂತೆ ಚೀಲ ಜೋಡಿಸಿ, ಚೀಟಿಯ ಒಂದು ತುಂಡು ಚೀಲಕ್ಕೆ, ಇನ್ನೊಂದು ಓಟಗಾರರಿಗೆ. ಪರ್ಸ್, ಕಾರಿನ ಕೀ ತೆಗೆದುಕೊಳ್ಳಲೇಬೇಡಿ. ತಿಂಡಿಯ ಕಡೆ ಐವತ್ತು ತಟ್ಟೆ ಉಪ್ಪಿಟ್ಟನ್ನು ಹಾಟ್‌ಬಾಕ್ಸಿನಲ್ಲಿ ತೆಗೆದಿಡಿ, ಅದು ಕೊನೆಯ ನಡಿಗೆಯವರಿಗೆ ಮತ್ತು ಮಾರ್ಷಲ್‌ಗಳಿಗೆ. ಬಾಳೆಹಣ್ಣಿಗೆ ಏಲಕ್ಕಿಯೇ ಸರಿ. ನಂಜನಗೂಡು ರಸಬಾಳೆ ಕೇಳುವ ರಸಿಕರು ಇದ್ದಾರೆ, ಸಾವಿರ ಜನಕ್ಕೆ ಆ ಬೆಲೆ ಯಾರು ಕೊಡುತ್ತಾರೆ!

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರಿದು. ಭಾನುವಾರ ಪೌರಕಾರ್ಮಿಕರ ಮೇಲೆ 1,800 ಕಪ್ ಬಿಟ್ಟು ಹೋಗುವುದು ಸಲ್ಲ. ಸಿಪ್ಪೆ ಒಂದು ಚೀಲಕ್ಕೆ, ಕಪ್ ಇನ್ನೊಂದಕ್ಕೆ (ಒಳಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಅದು ಗೊಬ್ಬರವಾಗದು). ಪಿನ್ನುಗಳಿಗೆ ಡಬ್ಬಿ ಬೇರೆಯೇ ಇಡಿ. ಸಿಪ್ಪೆಗೆ ಅಂಟಿದ ಪಿನ್ನು ಹಸುವಿನ ಹೊಟ್ಟೆ ಸೇರುತ್ತದೆ.

ದೇಣಿಗೆ ಮೇಜಿಗೆ ಮಾತು ಬಲ್ಲವರು, ಲೆಕ್ಕ ಬಲ್ಲವರು ಜೋಡಿಯಾಗಿ ಕೂರಲಿ. ಕ್ಯುಆರ್ ಕೋಡನ್ನು ಬೆಳಗ್ಗೆ ನೀವೇ ಸ್ಕ್ಯಾನ್ ಮಾಡಿ ಸಂಸ್ಥೆಯ ಹೆಸರೇ ಬರುತ್ತದೆಯೇ ನೋಡಿ, ನಡುವೆ ಒಮ್ಮೆ ಮತ್ತೆ ನೋಡಿ. ಮೇಲೊಂದು ಸ್ಟಿಕರ್ ಅಂಟಿಸಲು ಎರಡು ಸೆಕೆಂಡ್ ಸಾಕು. ತೆರಿಗೆ ರಸೀದಿ ಕೇಳಿದವರಿಂದ ಪ್ಯಾನ್ ನಂಬರ್ ಪಡೆಯಿರಿ, 2,000 ರೂ. ಮೀರಿದ ನಗದಿಗೆ ವಿನಾಯಿತಿ ಇಲ್ಲ ಎಂದು ತಿಳಿಸಿ. ಚಿಕಿತ್ಸೆಯ ಖರ್ಚಿನ ಬಗ್ಗೆ ಕೇಳುವವರು ಬಂದೇ ಬರುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸಿಗುತ್ತದೆ ಎಂಬಷ್ಟು ಗೊತ್ತಿರಲಿ. ‘ಬೆಲ್ಲ ತಿಂದರೆ ಶುಗರ್ ಏರಲ್ವಂತೆ, ಹೌದಾ?’ ಎಂದರೆ ಪಕ್ಕದ ವೈದ್ಯರ ಮೇಜು ತೋರಿಸಿ.

ಮಂಡ್ಯದಲ್ಲಾದರೆ

ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಿಂದ ಹೊರಡುವ ಓಟಕ್ಕೆ ಎರಡು ವಿಷಯ ಸೇರಿಸಿಕೊಳ್ಳಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದು ದೂರದ ವಾಹನಗಳು ಬೈಪಾಸ್ ಹಿಡಿದರೂ ಊರೊಳಗಿನ ಹಳೆಯ ಹೆದ್ದಾರಿ ಖಾಲಿಯಾಗಿಲ್ಲ. ಎರಡನೆಯದು ಕಬ್ಬು ಅರೆಯುವ ಕಾಲ. ಎರಡು ಟ್ರೈಲರ್ ಎಳೆದು ಬರುವ ಟ್ರ್ಯಾಕ್ಟರ್ ನೀವು ಕೈ ಎತ್ತಿದ ಕೂಡಲೇ ನಿಲ್ಲಲಾರದು, ತಿರುವಿನಲ್ಲಿ ಹಿಂದಿನ ಟ್ರೈಲರ್ ಒಳಕ್ಕೆ ಕೊಯ್ದುಕೊಂಡು ಬರುತ್ತದೆ, ಚಾಚಿದ ಕಬ್ಬು ಮುಖದ ಎತ್ತರಕ್ಕಿರುತ್ತದೆ. ಮಾರ್ಷಲ್ ತಿರುವಿನ ಒಳ ಮೂಲೆಯಲ್ಲಿ ನಿಲ್ಲಬಾರದು, ಓಟಗಾರರನ್ನೂ ಹೊರ ಅಂಚಿಗೆ ಸರಿಸಬೇಕು. ರಸ್ತೆಗೆ ಬಿದ್ದ ಕಬ್ಬಿನ ಜಲ್ಲೆಗಳನ್ನು 6ಕ್ಕೆ ಒಮ್ಮೆ, 7ಕ್ಕೆ ಒಮ್ಮೆ ಎತ್ತಿಹಾಕಲು ಇಬ್ಬರನ್ನು ಬೈಕಿನಲ್ಲಿ ಬಿಡಿ. ಊರು ಚಿಕ್ಕದು, ಸ್ವಯಂಸೇವಕರೂ ಕಡಿಮೆ. ಒಬ್ಬರೇ ಶನಿವಾರ ಬಿಬ್, ಭಾನುವಾರ ಮಾರ್ಷಲ್ ಎರಡನ್ನೂ ಮಾಡಬೇಕಾಗಬಹುದು. ಹಾಗಿದ್ದರೆ ಶನಿವಾರ ಮಧ್ಯಾಹ್ನಕ್ಕೇ ಬಿಡಿಸಿಕೊಳ್ಳಿ.

ಒಪ್ಪಿಕೊಳ್ಳುವ ಫೋನಿನಲ್ಲೇ ಸಂಘಟಕರನ್ನು ಕೇಳಬೇಕಾದವು: ನನ್ನ ಜಾಗ ಯಾವ ಕಿಲೋಮೀಟರಿನಲ್ಲಿ, ಪಕ್ಕದಲ್ಲಿ ಯಾರು, ಹತ್ತಿರದ ಶೌಚಾಲಯ ಎಲ್ಲಿ, ಸ್ವೀಪ್ ತಂಡದವರ ನಂಬರ್ ಯಾವುದು, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ. ಐದರಲ್ಲಿ ಮೂರಕ್ಕೆ ‘ಅಲ್ಲಿ ಬನ್ನಿ, ಹೇಳ್ತೀವಿ’ ಎಂಬ ಉತ್ತರ ಬಂದರೆ ರಸ್ತೆಯ ಕೆಲಸ ಬೇಡ, ನೀರಿನ ಮೇಜು ತೆಗೆದುಕೊಳ್ಳಿ. ಬರಲಾಗದಿದ್ದರೆ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ‘ಸ್ವಲ್ಪ ಜ್ವರ’ ಎಂದು ಹಾಕಿದರೆ ಆ ತಿರುವಿಗೆ ಬೇರೆಯವರನ್ನು ಹುಡುಕಲು ಉಳಿದಿರುವುದು ಆರು ಗಂಟೆ, ಅಷ್ಟೂ ಹೊತ್ತು ಎಲ್ಲರೂ ನಿದ್ದೆಯಲ್ಲಿರುತ್ತಾರೆ.